ಅಳಿಯುವುದು, ಅಳಿಸುವುದು



ಬಂಧುಗಳೇ, ಮೂರು ದಿನದಿಂದ ನಾವು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಅನಿತ್ಯದ ಭಾಗ ಓದುತ್ತಿದ್ದೇವೆ. ಬಾಬಾಸಾಹೇಬರು ಅದನ್ನು ಮೂರು ಬಗೆಯಾಗಿ ಬಿಡಿಸುತ್ತಾರೆ. ಹಲವು ಸೇರಿ ಆದ ವಸ್ತು ಸ್ಥಿರವಲ್ಲ. ಜೀವಿ ಕ್ಷಣಕ್ಷಣಕ್ಕೂ ಬದಲಾಗುತ್ತಿದೆ. ಬೇರೊಂದನ್ನು ಆಧರಿಸಿ ಇರುವುದಕ್ಕೆ ತನ್ನದೇ ಎನ್ನುವ ಗಟ್ಟಿ ಸ್ವಭಾವವಿಲ್ಲ. ಮೊದಲ ಎರಡು ಎಲ್ಲರಿಗೂ ಬೇಗ ತಿಳಿಯುತ್ತವೆ. ಮೂರನೆಯದರಲ್ಲಿ ನಾವು ಎಡವುತ್ತೇವೆ. ಅದನ್ನು ಇವತ್ತು ಕೈಗೆ ಸಿಗುವ ವಸ್ತುಗಳ ಮೂಲಕ ನೋಡೋಣ. ನಮ್ಮ ರಾಜ್ಯದವರೇ ಆದ ಒಬ್ಬ ಕಲಾವಿದೆಯ ಕೆಲಸ ಇದಕ್ಕೆ ಒದಗುತ್ತದೆ.

ಶೀಲಾ ಗೌಡ 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರು, ಶಾಂತಿನಿಕೇತನ, ಲಂಡನ್ನಿನಲ್ಲಿ ಕಲೆ ಓದಿ ಎಣ್ಣೆಬಣ್ಣದ ಚಿತ್ರ ಬರೆಯುತ್ತಿದ್ದವರು. 1992ರ ಡಿಸೆಂಬರಿನಲ್ಲಿ ಬಾಬರಿ ಮಸೀದಿ ಕೆಡವಿದ ನಂತರ ಗಲಭೆಗಳಾದವಲ್ಲ, ಆ ಹೊತ್ತಿನಲ್ಲಿ ಅವರು ಬಣ್ಣ ಬದಿಗಿಟ್ಟು ಸಗಣಿಯನ್ನು ಕೈಗೆತ್ತಿಕೊಂಡರು. ಆಮೇಲೆ ಕುಂಕುಮ, ದಾರ, ಸೂಜಿ, ಕೂದಲು, ಅಗರಬತ್ತಿಯ ಹಿಟ್ಟು, ಡಾಂಬರಿನ ಡ್ರಮ್ಮು.

ಕಳೆದ ಭಾನುವಾರ ಇದನ್ನು ಹೇಳಿದಾಗ ಒಬ್ಬ ಅಕ್ಕ ತಕ್ಷಣ ಕೇಳಿದರು: “ನಮ್ಮವ್ವ ಸಾಹುಕಾರರ ಕೊಟ್ಟಿಗೆ ಬಾಚಿ ಬಾಚಿ ಬೆನ್ನು ಗೂನಾಗಿಸಿಕೊಂಡಳು. ಅದೇ ಸಗಣಿ ಓದಿದವರ ಕೈಗೆ ಬಂದರೆ ಕಲೆಯಾ?” ಕೂಟದಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೇಳಬೇಕಾದ ಪ್ರಶ್ನೆಯೇ ಅದು. ಯೋಚಿಸಿ ನೋಡಿ: ಹೊಸ್ತಿಲಿಗೆ ಸಾರಿಸಿದರೆ ಸಗಣಿ ಮಡಿ. ಅದನ್ನು ಬಾಚಿ ತಂದವಳಿಗೆ ಹೊಸ್ತಿಲ ಒಳಗೆ ಪ್ರವೇಶವಿಲ್ಲ. ಮಡಿ-ಮೈಲಿಗೆ ಸಗಣಿಯೊಳಗೆ ಇದ್ದಿದ್ದರೆ ಎರಡೂ ಕಡೆ ಒಂದೇ ಆಗಬೇಕಿತ್ತು. ಅದು ವಸ್ತುವಿನಲ್ಲಿಲ್ಲ, ಜನ ತಮ್ಮ ನಡುವೆ ಕಟ್ಟಿದ ವ್ಯವಸ್ಥೆಯಲ್ಲಿದೆ. ಮೂರನೆಯ ಅನಿತ್ಯ ಎಂದರೆ ನನಗೆ ಅರ್ಥವಾಗಿದ್ದು ಹೀಗೆ. ಅಕ್ಕ ಪೂರ್ತಿ ಒಪ್ಪಲಿಲ್ಲ. ಒಪ್ಪಲೇಬೇಕು ಎಂದೇನೂ ಇಲ್ಲ.

ಈಗ ಅಗರಬತ್ತಿ. ಬೆಂಗಳೂರು ಮೈಸೂರಿನಲ್ಲಿ ಎಷ್ಟೋ ಮನೆಗಳ ಹೆಂಗಸರು ಸಾವಿರಕ್ಕಿಷ್ಟು ಎಂಬ ಲೆಕ್ಕದಲ್ಲಿ ಬತ್ತಿ ಹೊಸೆಯುತ್ತಾರೆ; ಅಂಗೈಯೆಲ್ಲ ಕಪ್ಪು. ಶೀಲಾ ಗೌಡ ಅದೇ ಹಿಟ್ಟನ್ನು ಕಲಸಿ, ಜಾಲರಿ ಬಿಗಿದ ಚೌಕಟ್ಟುಗಳ ಮೇಲೆ ಬಗೆಬಗೆಯ ಆಕಾರದಲ್ಲಿ ಇಟ್ಟು ಬೆಂಕಿ ತಾಗಿಸಿದರು. ಅದು ನಿಧಾನವಾಗಿ ಹೊಗೆಯಾಡುತ್ತಾ ಉರಿದುಹೋಯಿತು. ಉಳಿದದ್ದು ಬೂದಿ, ಆದರೆ ಆಕಾರ ಹಾಗೇ ಇತ್ತು. ಒಬ್ಬರು ಜೋರಾಗಿ ಉಸಿರು ಬಿಟ್ಟರೂ ಚದುರಿಹೋಗುವಂಥ ಆಕಾರ. 2007ರಲ್ಲಿ ಜರ್ಮನಿಯ ಕಾಸೆಲ್ ನಗರದ ‘ಡಾಕ್ಯುಮೆಂಟಾ’ ಎಂಬ ದೊಡ್ಡ ಪ್ರದರ್ಶನದಲ್ಲಿ ಇದನ್ನು ಇಟ್ಟಿದ್ದರು. ಹೆಸರು ‘ಕೊಲ್ಯಾಟರಲ್’. ಯುದ್ಧದಲ್ಲಿ ಗುರಿಯಲ್ಲದ ಸಾಮಾನ್ಯ ಜನ ಸತ್ತರೆ ಸೇನೆಗಳು ಲೆಕ್ಕದಲ್ಲಿ ಬರೆಯುವ ಮಾತು ಅದು. ನೋಡಲು ಮೇಲಿನಿಂದ ಕಂಡ ಸುಟ್ಟ ನೆಲದ ಹಾಗಿದೆ. ದೇವರ ಮುಂದೆ ಹಚ್ಚುವ ವಸ್ತು ಇಷ್ಟು ದೂರ ಬರುತ್ತದೆ.

ಡ್ರಮ್ಮಿನ ಕೆಲಸ ನನಗೆ ಇನ್ನೂ ಹತ್ತಿರದ್ದು. ರಸ್ತೆ ಕೆಲಸದವರು ಡಾಂಬರು ಖಾಲಿಯಾದ ಡ್ರಮ್ಮನ್ನು ಸೀಳಿ, ಬಡಿದು ತಗಡು ಮಾಡಿ ಅದರಲ್ಲೇ ಗುಡಿಸಲು ಕಟ್ಟಿಕೊಳ್ಳುವುದನ್ನು ನೀವೂ ಕಂಡಿದ್ದೀರಿ. 2006ರ ‘ಡಾರ್ಕ್‌ರೂಮ್’ ಇಂಥದ್ದೇ ಡ್ರಮ್ಮು-ತಗಡುಗಳಿಂದ ಮಾಡಿದ್ದು. ಹೊರಗಿನಿಂದ ಕೋಟೆಯ ಗತ್ತು. ಒಳಗೆ ಹೋಗಬೇಕಾದರೆ ಬಗ್ಗಿ ತೆವಳಬೇಕು. ಹೋದರೆ ಕತ್ತಲೆ, ಮಾಡಿನಲ್ಲಿ ಸಣ್ಣ ಸಣ್ಣ ತೂತು, ಬೆಳಕು ಬಿದ್ದು ನಕ್ಷತ್ರದ ಹಾಗೆ. ಮರು ವರ್ಷದ ಇನ್ನೊಂದು ಡ್ರಮ್ಮಿನ ಕೆಲಸಕ್ಕೆ ಅವರು ಕನ್ನಡದ ಹೆಸರನ್ನೇ ಇಟ್ಟರು: ‘ಕಾಗೆಬಂಗಾರ’. ಅಭ್ರಕಕ್ಕೆ ನಮ್ಮ ಹಳ್ಳಿಗಳಲ್ಲಿ ಹೇಳುವ ಮಾತು. ಒಂದು ಮಾತು ಹೇಳಲೇಬೇಕು. ನೋಡಲು ಬಂದವರು ಐದು ನಿಮಿಷ ಬಗ್ಗಿ ಎದ್ದು ಮನೆಗೆ ಹೋಗುತ್ತಾರೆ, ಕೆಲಸದವರು ಅದರಲ್ಲೇ ಮಲಗುತ್ತಾರೆ. ಈ ಅಂತರವನ್ನು ಕಲೆ ಮುಚ್ಚಲಾರದು. ತೋರಿಸಿದರೂ ಅಷ್ಟರಮಟ್ಟಿಗೆ ಒಳ್ಳೆಯದೇ.

ವಿಗ್ರಹ ನಿಂತಿರುತ್ತದೆ, ಬದಲಾವಣೆ ಕಾಣುವುದಿಲ್ಲ. ಕಾಣಬೇಕೆಂದರೆ ಅನಿಮೇಷನ್ ನೋಡಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಒಂದೊಂದೂ ನಿಂತದ್ದೇ, ನಮ್ಮ ಕಣ್ಣಿಗೆ ನಡಿಗೆ. ದಕ್ಷಿಣ ಆಫ್ರಿಕಾದ ವಿಲಿಯಂ ಕೆಂಟ್ರಿಜ್ ಇದನ್ನು ಬೇರೆ ರೀತಿ ಮಾಡುತ್ತಾರೆ. ಸಾವಿರಾರು ಹಾಳೆ ಬಳಸದೆ ಒಂದೇ ಹಾಳೆಯಲ್ಲಿ ಇದ್ದಿಲಿನಿಂದ ಬರೆದು ಫೋಟೋ ತೆಗೆದು, ಸ್ವಲ್ಪ ಒರೆಸಿ, ತಿದ್ದಿ, ಮತ್ತೆ ಫೋಟೋ. ಎಷ್ಟು ಒರೆಸಿದರೂ ಮಸಿಯ ಗುರುತು ಉಳಿಯುತ್ತದೆ. 1994ರ ‘ಫೀಲಿಕ್ಸ್ ಇನ್ ಎಕ್ಸೈಲ್’ನಲ್ಲಿ ನಂದಿ ಎಂಬ ಕರಿಯ ಹೆಣ್ಣುಮಗಳು ನೆಲ ಅಳೆಯುತ್ತಾಳೆ, ಕೊಲೆಯಾದವರನ್ನು ಚಿತ್ರಿಸಿಡುತ್ತಾಳೆ. ಹೆಣಗಳ ಮೇಲೆ ಪತ್ರಿಕೆಯ ಹಾಳೆಗಳು ಬಂದು ಮುಚ್ಚುತ್ತವೆ, ಹೆಣ ಕರಗಿ ಬಯಲಾಗುತ್ತದೆ. ಕೊನೆಗೆ ಅವಳೂ ಗುಂಡೇಟಿಗೆ ಬಿದ್ದು ನೆಲದಲ್ಲಿ ಸೇರಿಹೋಗುತ್ತಾಳೆ. ವರ್ಣಭೇದ ಮುಗಿದು ಎಲ್ಲರೂ ಮತ ಹಾಕಿದ ಮೊದಲ ಚುನಾವಣೆಯ ವರ್ಷ ಅದು. ಸತ್ತವರನ್ನು ನೆಲ ಮರೆತುಬಿಡುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ.

ಇಲ್ಲಿಂದ ನಮ್ಮ ಕೊಡಗಿಗೆ ಬರೋಣ. ಕುಶಾಲನಗರ ದಾಟಿ ಕಾವೇರಿಯ ಆಚೆ ಬೈಲಕುಪ್ಪೆಗೆ ನೆಂಟರನ್ನು ಕರೆದುಕೊಂಡು ಹೋಗುತ್ತೇವಲ್ಲ, ಆ ಟಿಬೆಟಿಯನ್ ಪರಂಪರೆಯಲ್ಲಿ ಭಿಕ್ಷುಗಳು ಬಣ್ಣದ ಮರಳಿನಲ್ಲಿ ದಿನಗಟ್ಟಲೆ ಮಂಡಲ ಬರೆದು ಕೊನೆಗೆ ತಾವೇ ಗುಡಿಸಿ ನೀರಿಗೆ ಬಿಡುತ್ತಾರೆ. ತಮ್ಮ ಕೈಯಾರೆ ಮಾಡಿದ್ದನ್ನು ತಾವೇ ಬಿಟ್ಟುಕೊಡುವುದು. ಅದಕ್ಕೆ ಕೈ ಮುಗಿಯುತ್ತೇನೆ. ಆದರೆ 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿ ಕುಟುಂಬಗಳ ಗುಡಿಸಲುಗಳನ್ನು ಕೆಡವಿದಾಗ ಗುಡಿಸಿಹೋದದ್ದು ಮರಳಲ್ಲ. ಅವರಲ್ಲಿ ಎಷ್ಟೋ ಮಂದಿ ತೋಟದ ಲೈನ್ ಮನೆ ಬಿಟ್ಟು ಬಂದವರು. “ಎಲ್ಲವೂ ಅನಿತ್ಯ, ಸಮಾಧಾನ ಮಾಡಿಕೊಳ್ಳಿ” ಎಂದು ಅವರಿಗೆ ಹೇಳುವವನು ಧಮ್ಮ ಹೇಳುತ್ತಿಲ್ಲ. ಅಳಿಯುವುದು ಬೇರೆ, ಅಳಿಸುವುದು ಬೇರೆ. ಅಳಿಸುವುದಕ್ಕೆ ಒಂದು ಕೈ ಇರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡವೇ ಕೆಸರಾಗಿ ಹರಿದಾಗಲೂ ಮಳೆಯ ಜೊತೆಗೆ ಕಡಿದ ಇಳಿಜಾರುಗಳ ಪಾಲೂ ಇತ್ತು. ಕಾರಣವಿಲ್ಲದೆ ಯಾವುದೂ ಆಗುವುದಿಲ್ಲ ಎಂದು ಬುದ್ಧರು ಕಲಿಸಿದ್ದು ಕಾರಣ ಹುಡುಕಲಿಕ್ಕೇ.

ಇದೇ ಪಾಠದ ಇನ್ನೊಂದು ಮಗ್ಗುಲು ನಮ್ಮದೇ ಬದುಕು. ಹುಟ್ಟಿನಿಂದ ಬಂದ ಗುಣ ಬದಲಾಗದು ಎಂದು ನಮ್ಮ ಅಜ್ಜಂದಿರಿಗೆ ಹೇಳಿಕೊಟ್ಟಿದ್ದರು. ಸ್ಥಿರ ಸ್ವಭಾವ ನಿಜವಾಗಿದ್ದರೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನ ಹೊಸ ಬದುಕಿಗೆ ಕಾಲಿಡುವುದು ಸಾಧ್ಯವಿತ್ತೇ? ಅನಿತ್ಯ ನಮಗೆ ಬರೀ ಸಾವಿನ ಸುದ್ದಿಯಲ್ಲ. ಎಲ್ಲವೂ ಬದಲಾಗುವಂಥದ್ದಾದ್ದರಿಂದಲೇ ಬೀಜ ಗಿಡವಾಗುತ್ತದೆ, ಮಗು ಬೆಳೆಯುತ್ತದೆ, ಮನುಷ್ಯ ಬೇರೆಯಾಗಬಲ್ಲ.

ಈ ಭಾನುವಾರ ಬರುವಾಗ ಪ್ರತಿಯೊಬ್ಬರೂ ನಿಮ್ಮ ಕೆಲಸದ ಒಂದು ವಸ್ತು ತನ್ನಿ. ಕಣದಲ್ಲಿ ಒಣಗಿ ಕಪ್ಪಾದ ಒಂದು ಹಿಡಿ ಕಾಫಿ, ಒಂದು ತುಂಡು ತಂತಿ, ಸಿಮೆಂಟಿನ ಚೀಲ, ಏನಾದರೂ ಸರಿ. ಅದು ಯಾವುದರಿಂದ ಆಯಿತು, ಯಾರ್ಯಾರ ಕೈ ದಾಟಿ ಬಂತು, ಮುಂದೆ ಏನಾಗುತ್ತದೆ ಎಂದು ಎರಡೆರಡು ನಿಮಿಷ ಹೇಳಿದರೆ ಸಾಕು. ಮಕ್ಕಳಿರುವವರು ಹಳೇ ನೋಟುಬುಕ್ಕಿನ ಅಂಚಿನಲ್ಲಿ ಪುಟಪುಟಕ್ಕೂ ಸ್ವಲ್ಪ ಸ್ವಲ್ಪ ಬದಲಾಗುವ ಚಿತ್ರ ಬರೆಸಿ ತನ್ನಿ. ಹಾಳೆಗಳನ್ನು ಸರಸರನೆ ಬಿಟ್ಟು ನೋಡೋಣ.

ಭವತು ಸಬ್ಬ ಮಂಗಲಂ. ಜೈ ಭೀಮ್.