ಕಾಯುವವನ ವಿವೇಕ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನ ಹೆಸರು ಲೋಕದ ಬಾಯಲ್ಲಿ ನಿಲ್ಲುತ್ತದೆ. ಗೋಲನ್ನು ತಡೆದವನದು ಅಷ್ಟಾಗಿ ನಿಲ್ಲದು. ಗೋಲ್‌ಕೀಪರನು ಹತ್ತು ಸಲ ಕಾಯ್ದರೆ ಅದು ಕರ್ತವ್ಯ. ಒಂದು ಸಲ ತಪ್ಪಿದರೆ ಅದು ಅಪರಾಧ. ಇಂತಹ ಕಠಿನ ಸ್ಥಾನದಲ್ಲಿ ಎರಡು ದಶಕಗಳಿಗೂ ಮಿಕ್ಕು ನಿಂತ ಇಟಲಿಯ ಡಿನೋ ಜೋಫ್ ಅವರ ಆಟವು ಕ್ರೀಡಾಸಕ್ತರಿಗೆ ಮಾತ್ರವಲ್ಲ, ಅಧ್ಯಾಪಕ ವರ್ಗಕ್ಕೂ ಮನನಯೋಗ್ಯವಾದುದು.

ಜೋಫ್ ಅವರು 1942ರಲ್ಲಿ ಇಟಲಿಯ ಈಶಾನ್ಯ ಭಾಗದ ಮರಿಯಾನೋ ದೆಲ್ ಫ್ರಿಯುಲಿ ಎಂಬ ಊರಿನಲ್ಲಿ ಜನಿಸಿದರು. ಬಾಲ್ಯದಲ್ಲಿ ಎತ್ತರ ಸಾಲದೆಂದು ದೊಡ್ಡ ತಂಡಗಳು ಅವರನ್ನು ತಿರಸ್ಕರಿಸಿದವು. 1961ರಲ್ಲಿ ಉದಿನೇಸೆ ತಂಡದ ಪರವಾಗಿ ಪ್ರಥಮ ದರ್ಜೆಯ ಲೀಗಿನಲ್ಲಿ ಮೊದಲ ಬಾರಿಗೆ ಆಡಿದಾಗ ಐದು ಗೋಲುಗಳನ್ನು ಬಿಟ್ಟುಕೊಟ್ಟರು. ಆದರೂ ಎದೆಗುಂದದೆ ಮಾಂತೋವಾ, ನಾಪೋಲಿ ತಂಡಗಳಲ್ಲಿ ಪಳಗಿ, 1972ರಲ್ಲಿ ಯುವೆಂಟಸ್ ಸೇರಿದರು. ಆ ತಂಡದೊಡನೆ ಆರು ಬಾರಿ ಲೀಗ್ ಪ್ರಶಸ್ತಿಯನ್ನು ಪಡೆದರು. ರಾಷ್ಟ್ರತಂಡಕ್ಕಾಗಿ 112 ಪಂದ್ಯಗಳನ್ನಾಡಿದರು. 1972ರಿಂದ 1974ರವರೆಗೆ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ 1142 ನಿಮಿಷಗಳ ಕಾಲ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ.

ಇನ್ನು ಅವರ ಶೈಲಿ. ಗೋಲಿನ ಅಗಲ 7.32 ಮೀಟರು, ಎತ್ತರ 2.44 ಮೀಟರು. ಇದನ್ನು ಒಬ್ಬನೇ ಕೇವಲ ನೆಗೆತದಿಂದ ಕಾಯಲಾರನು. ಗೋಲ್‌ಕೀಪರನು ಚೆಂಡಿನ ದಾರಿಯನ್ನು ಮುಂಗಂಡು ಕೆಲವು ಹೆಜ್ಜೆ ಮುಂದೆ ಬಂದರೆ, ಎದುರಾಳಿಗೆ ಕಾಣುವ ತೆರಪು ಕಿರಿದಾಗುತ್ತದೆ. ಈ ಸ್ಥಾನಜ್ಞಾನವೇ ಜೋಫ್ ಅವರ ಬಲ. ಸರಿಯಾದ ಎಡೆಯಲ್ಲಿ ಮೊದಲೇ ನಿಂತವನಿಗೆ ಹಾರಾಟದ ಆಡಂಬರವೇಕೆ? ಅವರ ಆಟದಲ್ಲಿ ಚಪ್ಪಾಳೆಗಾಗಿ ಮಾಡಿದ ಚೇಷ್ಟೆ ಕಾಣದು.

ಈ ವಿವೇಕಕ್ಕೂ ಪರೀಕ್ಷೆ ಬಂದಿತು. 1978ರ ವಿಶ್ವಕಪ್ಪಿನಲ್ಲಿ ನೆದರ್ಲೆಂಡ್ಸ್ ಮತ್ತು ಬ್ರೆಜಿಲ್ ಆಟಗಾರರು ದೂರದಿಂದ ಹೊಡೆದ ಚೆಂಡುಗಳು ಗೋಲಾದಾಗ, ಜೋಫ್ ಅವರಿಗೆ ಮುಪ್ಪಡರಿತೆಂದು ಟೀಕಾಕಾರರು ಆಡಿಕೊಂಡರು. ಆದರೆ ತರಬೇತುದಾರ ಎನ್ಜೋ ಬೆಯರ್ಜೋತ್ ಅವರು ವಿಶ್ವಾಸವಿಟ್ಟು, 1982ರ ಸ್ಪೇನಿನ ವಿಶ್ವಕಪ್ಪಿಗೆ ಅವರನ್ನೇ ನಾಯಕರನ್ನಾಗಿ ಕರೆದೊಯ್ದರು.

ಅದೇ ವರ್ಷದ ಜುಲೈ 5ರಂದು ಬಾರ್ಸಿಲೋನಾದಲ್ಲಿ ಇಟಲಿಯು ಬ್ರೆಜಿಲನ್ನು ಎದುರಿಸಿತು. ಸೆಮಿಫೈನಲಿಗೇರಲು ಬ್ರೆಜಿಲಿಗೆ ಸಮಬಲ ಸಾಕಾಗಿತ್ತು. ಇಟಲಿಗೆ ಗೆಲುವೇ ಬೇಕಿತ್ತು. ಇಟಲಿ 3–2ರಿಂದ ಮುಂದಿದ್ದಾಗ, ಆಟ ಮುಗಿಯಲು ಕೆಲವೇ ಕ್ಷಣಗಳಿರಲು, ಆಸ್ಕರ್ ತಲೆಯಿಂದ ಹೊಡೆದ ಚೆಂಡು ಮೂಲೆಯತ್ತ ಧಾವಿಸಿತು. ಜೋಫ್ ಅದನ್ನು ಕೇವಲ ತಟ್ಟಿ ಹೊರದೂಡಲಿಲ್ಲ. ಗೋಲುಗೆರೆಯ ಮೇಲೆ ಎರಡೂ ಕೈಗಳಿಂದ ಅದುಮಿ ಹಿಡಿದರು. ತಟ್ಟಿದ ಚೆಂಡು ಮತ್ತೊಬ್ಬ ಎದುರಾಳಿಯ ಕಾಲಿಗೆ ಸಿಕ್ಕಬಹುದಾಗಿತ್ತು. ಜುಲೈ 11ರಂದು ಮ್ಯಾಡ್ರಿಡ್‌ನಲ್ಲಿ ಪಶ್ಚಿಮ ಜರ್ಮನಿಯನ್ನು 3–1ರಿಂದ ಮಣಿಸಿ ಇಟಲಿಯು ವಿಶ್ವವಿಜೇತವಾಯಿತು. ನಲವತ್ತರ ನಾಯಕನ ಕೈಗೆ ಕಪ್ಪು ಬಂದಿತು. ಮರುವರ್ಷ ಅವರು ಆಟದಿಂದ ನಿವೃತ್ತರಾದರು.

ವಯಸ್ಸು ಕಾಲಿನ ವೇಗವನ್ನು ಕಸಿದೀತು. ನಿಲ್ಲಬೇಕಾದ ಎಡೆಯ ಅರಿವನ್ನು ಮಾಗಿಸುತ್ತದೆ. ನಮ್ಮ ಕ್ರೀಡಾಂಗಣದಲ್ಲಿ ಓಡಲಾರದ ಹುಡುಗನನ್ನು ಗೋಲಿನಲ್ಲಿ ನಿಲ್ಲಿಸುವ ವಾಡಿಕೆಯುಂಟು. ಅಲ್ಲಿ ನಿಲ್ಲಬೇಕಾದವನು ಎಲ್ಲರಿಗಿಂತ ಮೊದಲು ಆಲೋಚಿಸಬಲ್ಲವನು. ಐದು ಗೋಲು ಬಿಟ್ಟ ಬಾಲಕನನ್ನು ಆರನೆಯ ದಿನವೂ ಅಲ್ಲಿಯೇ ನಿಲ್ಲಿಸುವ ತಾಳ್ಮೆ ಅಧ್ಯಾಪಕನಿಗಿರಬೇಕು.