ಗಗ್ಗ ಭಿಕ್ಷು ಮತ್ತು ನಮ್ಮ ಭಾನುವಾರದ ವಂದನೆ



ಇವತ್ತಿನ ಪಾಠ ವಿನಯ ಪಿಟಕದ್ದು. ಗಗ್ಗ ಎಂಬ ಭಿಕ್ಷುವಿಗೆ ಬುದ್ಧಿಭ್ರಮಣೆ ಆಗಿತ್ತು. ಉಪೋಸಥ ಒಮ್ಮೆ ನೆನಪಾಗುತ್ತಿತ್ತು, ಒಮ್ಮೆ ಇಲ್ಲ. ಒಮ್ಮೆ ಬರುತ್ತಿದ್ದರು, ಒಮ್ಮೆ ಇಲ್ಲ. ಭಗವಾನರು ಅವರನ್ನು ಹೊರಗೆ ಹಾಕಿ ಎನ್ನಲಿಲ್ಲ. ಗಗ್ಗರಿಗೆ ನೆನಪಿರಲಿ ಬಿಡಲಿ, ಬರಲಿ ಬಿಡಲಿ, ಉಪೋಸಥ ನಡೆಯಲಿ ಎಂದು ಸಂಘವೇ ಸಮ್ಮತಿ ಕೊಡಬೇಕೆಂದರು. ಗುಣವಾದ ಮೇಲೆ ಕೆಲವರು ಹಳೆಯದನ್ನು ಎತ್ತಿ ಆಪಾದಿಸಿದಾಗ ಅಮೂಳ್ಹ ವಿನಯ ಬಂತು: ಭ್ರಮಣೆಯಲ್ಲಿ ನಡೆದದ್ದನ್ನು ಮತ್ತೆ ಕೆದಕಬಾರದು.

ನನಗೆ ಈ ಕಥೆ ದೂರದ್ದಲ್ಲ. 11 ವರ್ಷದಿಂದ ಬೈಪೋಲಾರ್ ಕಾಯಿಲೆ ಇದೆ. ದಿನಾ ರಾತ್ರಿ ಲಿಥಿಯಂ ಮಾತ್ರೆ, ಆಗಾಗ ರಕ್ತ ಪರೀಕ್ಷೆ. ನಮ್ಮ ಕೊಪ್ಪಳದ ಬಿಸಿಲಿಗೆ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರುತ್ತದೆ, ಆದ್ದರಿಂದ ನೀರಿನ ಬಾಟಲಿ ಕೈ ಬಿಡುವುದಿಲ್ಲ. ಕೆಲವು ಭಾನುವಾರ ಹಾಸಿಗೆಯಿಂದ ಏಳಲಾಗುವುದಿಲ್ಲ, ವಂದನೆಗೆ ಬರಲಾಗುವುದಿಲ್ಲ.

ಆರೈಕೆಗೆ ಸುಲಭವಾಗುವ ರೋಗಿಯ ಐದು ಗುಣಗಳನ್ನೂ ಮಹಾವಗ್ಗ ಹೇಳುತ್ತದೆ: ಹಿತವಾದದ್ದನ್ನು ಮಾಡುವುದು, ಮಿತಿ ಅರಿಯುವುದು, ಔಷಧಿ ತೆಗೆದುಕೊಳ್ಳುವುದು, ಕಾಯಿಲೆ ಏರಿದೆಯೋ ಇಳಿದಿದೆಯೋ ಹಾಗೇ ಇದೆಯೋ ಆರೈಕೆ ಮಾಡುವವರಿಗೆ ಹೇಳುವುದು, ನೋವು ಸಹಿಸುವುದು. ನಾಲ್ಕನೆಯದು ನನ್ನನ್ನು ಕಾಪಾಡಿದೆ. ಬೆಳಿಗ್ಗೆ ಚಹಾ ಹೊತ್ತಿಗೆ ಮನೆಯವರಿಗೆ ಒಂದೇ ಮಾತು ಹೇಳುತ್ತೇನೆ: ಏರು, ಇಳಿ, ಇಲ್ಲವೇ ಸಮ. ನಿದ್ದೆ ಇಲ್ಲದೆ ಎರಡು ದಿನ "ಏರು" ಅಂದರೆ ಅವರೇ ಡಾಕ್ಟರಿಗೆ ಫೋನ್ ಮಾಡುತ್ತಾರೆ.

"ಹಿಂದಿನ ಜನ್ಮದ ಪಾಪ" ಎಂಬ ಮಾತನ್ನು ನಮ್ಮ ಜಾತಿಗೂ ಅಂಟಿಸಿದ್ದರು, ಈ ಕಾಯಿಲೆಗೂ ಅಂಟಿಸುತ್ತಾರೆ. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಹಿಂದಿನ ಜನ್ಮದ ಕರ್ಮದ ವಾದವನ್ನು ತಳ್ಳಿಹಾಕಿದ್ದಾರೆ. ಕಾಯಿಲೆಗೆ ಬೇಕಾದದ್ದು ಚಿಕಿತ್ಸೆ. ನೆರೆಯ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಗಂಗಾವತಿ, ಕುಷ್ಟಗಿ, ಯಲಬುರ್ಗಾದವರು ತಾಲ್ಲೂಕು ಆಸ್ಪತ್ರೆಯಲ್ಲಿ ಈ ಕಾರ್ಯಕ್ರಮದ ಬಗ್ಗೆ ಕೇಳಿ. ಟೆಲಿ ಮನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು.

ಇಂದಿನ ಅಭ್ಯಾಸ: ವಂದನೆಗೆ ಬಾರದವರಿಗೆ "ಯಾಕೆ ಬರಲಿಲ್ಲ" ಎನ್ನಬೇಡಿ. "ನಿಮ್ಮ ಜಾಗ ಇದೆ, ಆದಾಗ ಬನ್ನಿ" ಎಂದು ಒಂದು ಮೆಸೇಜ್ ಹಾಕಿ. ಬಂದ ದಿನ ಹಳೆಯದನ್ನು ಎತ್ತಬೇಡಿ. ಗಗ್ಗರಿಗೆ ಸಂಘ ಕೊಟ್ಟದ್ದು ಅಷ್ಟೇ. ನಮಗೂ ಅಷ್ಟು ಸಾಕು.

ಜೈ ಭೀಮ್. ನಮೋ ಬುದ್ಧಾಯ.