ಮುಧೋಳ ನಾಯಿಯೂ ಪಶುವೈದ್ಯರ ಅಳುಕೂ

ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಬೇಟೆನಾಯಿಯು 2005ರಲ್ಲಿ ಅಂಚೆಚೀಟಿಯ ಮೇಲೆ ಅಚ್ಚಾಗುವಷ್ಟು ಖ್ಯಾತಿವೆತ್ತುದು. ಒಡೆಯನಲ್ಲಿ ಬಹಳ ವಿಶ್ವಾಸವುಳ್ಳದ್ದಾದರೂ ಅಪರಿಚಿತರು ಮೈಮುಟ್ಟುವುದನ್ನು ಸಾಮಾನ್ಯವಾಗಿ ಸಹಿಸದು. ಆದುದರಿಂದ ಕೆಲವು ಪಶುವೈದ್ಯರು ಇದನ್ನು ಕಂಡೊಡನೆ ಅಳುಕುವುದುಂಟು. ಅದನ್ನು ಹೇಡಿತನವೆಂದು ನಗುವುದು ತರವಲ್ಲ. ಕೈಗೆ ಕಡಿತವಾದ ವೈದ್ಯನು ಊರಿನ ದನಕರುಗಳಿಗೂ ಒದಗಲಾರನು. ಆದರೆ ವೈದ್ಯನು ಹಿಂಜರಿದನೆಂದು ನಾಯಿಯನ್ನು ಹಾಗೆಯೇ ಹಿಂದಕ್ಕೆ ಕರೆತಂದರೆ ಹುಚ್ಚುನಾಯಿ ರೋಗದ ಚುಚ್ಚುಮದ್ದು ತಪ್ಪುವುದು. ಆ ರೋಗದ ಲಕ್ಷಣಗಳು ತೋರಿದ ಮೇಲೆ ನಾಯಿಗಾಗಲಿ ಮನುಷ್ಯನಿಗಾಗಲಿ ಉಳಿವಿಲ್ಲವೆಂದೇ ಹೇಳಬೇಕು.

ಮರಿಯು ಮೂರು ತಿಂಗಳದ್ದಾದಾಗ ಮೊದಲನೆಯ ಚುಚ್ಚುಮದ್ದು, ಆಮೇಲೆ ವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ. ಅಷ್ಟರೊಳಗೆ ಮನೆಯವರು ದಿನವೂ ಮರಿಯ ಕಿವಿ, ಬಾಯಿ, ಪಾದಗಳನ್ನು ಮುಟ್ಟಿ ರೂಢಿಮಾಡಿಸತಕ್ಕದ್ದು. ಕಚ್ಚುವ ಸ್ವಭಾವವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಬೇಕು. “ಏನೂ ಮಾಡುವುದಿಲ್ಲ ಸ್ವಾಮಿ” ಎಂಬ ಮಾತೇ ಹೆಚ್ಚು ಅಪಾಯಕರವಾದುದು. ಒಡೆಯನೇ ಮೃದುವಾದ ಬಟ್ಟೆಪಟ್ಟಿಯನ್ನು ಮೂತಿಗೆ ಸುತ್ತಿ, ಗದ್ದದ ಕೆಳಗೆ ಹಾಯಿಸಿ, ಕಿವಿಗಳ ಹಿಂದೆ ಜಾರುಗಂಟು ಹಾಕಬೇಕು. ನಾಯಿಯು ಬಾಯ್ದೆರೆದು ಏದಿಯೇ ಮೈಯ ಕಾವನ್ನು ಕಳೆಯುವುದರಿಂದ ಈ ಕಟ್ಟು ಕೆಲವೇ ನಿಮಿಷಗಳಿಗೆ ಮಾತ್ರ. ವಾಂತಿ ಮಾಡುವ ಅಥವಾ ಉಸಿರಿಗೆ ತಿಣುಕುವ ನಾಯಿಗೆ ಕಟ್ಟಲೇಬಾರದು. ಹುಚ್ಚಿನ ಸಂಶಯವಿರುವ ನಾಯಿಯನ್ನಂತೂ ಒಡೆಯನೂ ಮುಟ್ಟದೆ ವೈದ್ಯರಿಗೆ ಹೇಳಿಕಳುಹಿಸಬೇಕು.

ಇಷ್ಟಾದರೂ ವೈದ್ಯರು ಅಳುಕಿದರೆ ಒತ್ತಾಯಿಸದೆ, ಈ ತಳಿಯನ್ನು ಬಲ್ಲ ಬೇರೊಬ್ಬರ ಹೆಸರನ್ನು ಅವರಿಂದಲೇ ಕೇಳಿಕೊಳ್ಳಬಹುದು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಇದರ ಸಂಶೋಧನಾ ಕೇಂದ್ರವೇ ಇರುವುದು. ಕಡಿತವಾಗಿಯೇಹೋದರೆ ಗಾಯವನ್ನು 15 ನಿಮಿಷ ಸಾಬೂನು ಹಚ್ಚಿ, ಹರಿಯುವ ನೀರಿನಲ್ಲಿ ತೊಳೆದು, ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು.